ಹಳೇ ಕಾರಿನ ಪಾರ್ಟು ಮನೆಯಲ್ಲೇ ಮಾಡುವಾಗ: ಮೊದಲು ಕಾರನ್ನು ಅಳೆಯಿರಿ

ಎಲ್ಲೂ ಸಿಗದ ಪಾರ್ಟನ್ನು ಮನೆಯಲ್ಲೇ ಮಾಡಲು ಹೊರಟಾಗ ಹೆಚ್ಚಿನವರು ಹಳೇ ಪಾರ್ಟನ್ನು ಬಿಚ್ಚಿ, ವರ್ನಿಯರ್ ಹಿಡಿದು ಅಳೆದು, ಅದೇ ಅಳತೆಗೆ ಹೊಸದು ಮಾಡುತ್ತಾರೆ. ಆದರೆ ಆ ಪಾರ್ಟು ಐವತ್ತು ಅರವತ್ತು ವರ್ಷ ದುಡಿದಿದೆ. ಕಬ್ಬಿಣವಾದರೆ ಸವೆದಿದೆ, ತುಕ್ಕು ತಿಂದಿದೆ. ತಗಡಾದರೆ ಬಾಗಿದೆ. ರಬ್ಬರಾದರೆ ಕುಗ್ಗಿ ಗಟ್ಟಿಯಾಗಿದೆ. ಅದರ ಇವತ್ತಿನ ಅಳತೆಗೆ ಹೊಸದು ಮಾಡಿದರೆ ಆ ಸವೆತವೂ ಹೊಸ ಪಾರ್ಟಿಗೆ ಬಂದುಬಿಡುತ್ತದೆ.

ನಾನು 1960ರ ದಶಕದ ಫಿಯೆಟ್ 1100 ಕಾರೊಂದನ್ನು ಮನೆಯ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವಳು. ಬ್ಯಾಟರಿ ಟ್ರೇ, ಬಾಗಿಲ ಹಿಂಜಿನ ಬುಷ್ (ಪಿನ್ನು ತಿರುಗುವ ಲೋಹದ ಸಣ್ಣ ಕೊಳವೆ), ನೆಲದ ತಗಡಿನ ತೇಪೆ, ರಬ್ಬರ್ ಬಫರ್, ಡ್ಯಾಶ್‌ಬೋರ್ಡಿನ ಗುಂಡಿ, ಎಲ್ಲವನ್ನೂ ಕೈಯಾರೆ ಮಾಡಿದ್ದೇನೆ. ಕೆಲಸದ ಅರ್ಧ ಸಮಯ ಅಳೆಯುವುದಕ್ಕೇ ಹೋಗುತ್ತದೆ, ಹೋಗಲೂ ಬೇಕು. ಕತ್ತರಿಸುವುದು, ಕೊರೆಯುವುದು, ಬೆಸೆಯುವುದು ಕೈಗೆ ಅಭ್ಯಾಸವಾಗುತ್ತದೆ. ಅಳತೆ ತಪ್ಪಾದರೆ ಎಷ್ಟು ಚೆನ್ನಾಗಿ ಮಾಡಿದರೂ ಪಾರ್ಟು ಕೂರುವುದಿಲ್ಲ.

ಇವನ್ನು ಮಾಡಬೇಡಿ

ಸ್ಟಿಯರಿಂಗ್ ಜಾಯಿಂಟ್, ಟೈ ರಾಡ್, ಸಸ್ಪೆನ್ಷನ್ ಆರ್ಮ್, ಬ್ರೇಕ್ ಸಿಲಿಂಡರ್, ಸೀಟ್ ಬೆಲ್ಟ್ ಬಿಗಿಯುವ ಬ್ರ್ಯಾಕೆಟ್. ಇವು ಕಾರ್ಖಾನೆಯಲ್ಲಿ ಹದ ಕೊಟ್ಟು, ಪರೀಕ್ಷೆ ಮಾಡಿ ಬರುವ ಭಾಗಗಳು. ಅದೇ ಆಕಾರವನ್ನು ಮನೆಯಲ್ಲಿ ತರಬಹುದು, ಆ ಹದವನ್ನು ತರಲಾಗದು. ಯಾವುದೇ ಪಾರ್ಟಿಗೆ ಕೈ ಹಾಕುವ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಗಾಡಿ ಓಡುವಾಗ ಇದು ಮುರಿದರೆ ಏನಾಗುತ್ತದೆ? ಸದ್ದು ಬರುತ್ತದೆ, ಗಾಡಿ ನಿಲ್ಲುತ್ತದೆ ಅನ್ನುವುದಾದರೆ ಮಾಡಬಹುದು. ಗಾಡಿಯ ಹಿಡಿತ ತಪ್ಪುತ್ತದೆ ಅನ್ನುವುದಾದರೆ, ಎಷ್ಟು ದಿನ ಕಾದರೂ ಸರಿ, ತಯಾರಾದದ್ದನ್ನೇ ತಂದು ಹಾಕಿ.

ಸವೆಯದ ಜಾಗ ಎಲ್ಲಿದೆ?

ಪ್ರತಿ ಹಳೇ ಪಾರ್ಟಿನಲ್ಲೂ ಸವೆಯದ ಒಂದು ಜಾಗ ಇದ್ದೇ ಇರುತ್ತದೆ. ಅದನ್ನು ಹುಡುಕುವುದೇ ಮೊದಲ ಕೆಲಸ. ಹಿಂಜಿನ ಪಿನ್ನು ಬುಷ್ ಒಳಗೆ ತಿರುಗುವ ಕಡೆ ಸವೆದಿರುತ್ತದೆ. ಅದರ ತಲೆಯ ಕೆಳಗೆ, ಯಾವುದಕ್ಕೂ ಉಜ್ಜದ ಜಾಗದಲ್ಲಿ ಅಳೆದು ನೋಡಿ. ನಡುವೆ 7.7 ಮಿ.ಮೀ. ಬಂದರೂ ತಲೆಯ ಬುಡದಲ್ಲಿ 7.98 ಬರಬಹುದು. ಅಂದರೆ ಅದು 8 ಮಿ.ಮೀ. ಪಿನ್ನು. ಕಾರು ತಯಾರಿಸಿದವರು ದುಂಡು ಅಳತೆಗಳನ್ನೇ ಜಾಸ್ತಿ ಬಳಸಿರುತ್ತಾರೆ. ಮಿ.ಮೀ.ನಲ್ಲಿ ದುಂಡು ಬರದಿದ್ದರೆ ಇಂಚಿನಲ್ಲಿ ನೋಡಿ. 7.94 ಅಂದರೆ ಇಂಚಿನ ಹದಿನಾರರಲ್ಲಿ ಐದು ಭಾಗ. 6.35 ಅಂದರೆ ಕಾಲಿಂಚು.

ತಗಡಿನ ಪಾರ್ಟಾದರೆ ಕೆಳಗಿನ ಬಣ್ಣ ನೋಡಿ. ವಾಷರ್ ಕೂತಿದ್ದ ಕಡೆ ಕಾರ್ಖಾನೆಯ ಬಣ್ಣ ಹಾಗೇ ಉಳಿದಿರುತ್ತದೆ. ಆ ಗುಂಡಗಿನ ಗುರುತೇ ಬೋಲ್ಟಿನ ನಿಜವಾದ ಜಾಗ. ತೂತು ಸವೆದು ಉದ್ದವಾಗಿದ್ದರೆ ಅದರ ನಡುವನ್ನು ನಂಬಬೇಡಿ.

ಎಡಗಡೆಯ ಪಾರ್ಟು ಹೋಗಿದ್ದರೆ ಬಲಗಡೆಯದನ್ನು ತಿರುಗಿಸಿ ನಕಲು ಮಾಡುವುದು ಒಳ್ಳೆಯ ದಾರಿ. ಆದರೂ ಒಂದು ಎಚ್ಚರ ಬೇಕು. ಆ ಕಾಲದ ಬಾಡಿಗಳಲ್ಲಿ ಕೈಕೆಲಸ ಬಹಳ ಇರುತ್ತಿತ್ತು. ಎಡಕ್ಕೂ ಬಲಕ್ಕೂ ಒಂದೆರಡು ಮಿ.ಮೀ. ವ್ಯತ್ಯಾಸ ಇರಬಹುದು. ಆಕಾರವನ್ನು ಬಲಗಡೆಯಿಂದ ತೆಗೆದುಕೊಳ್ಳಿ, ತೂತುಗಳ ಜಾಗವನ್ನು ಎಡಗಡೆಯ ಬಾಡಿಯಿಂದಲೇ ತೆಗೆದುಕೊಳ್ಳಿ.

ಅದಕ್ಕೆ ರಟ್ಟಿಗಿಂತ ಒಳ್ಳೆಯ ಸಾಮಾನು ಇಲ್ಲ. ತೆಳು ರಟ್ಟನ್ನು ಕಾರಿನ ಮೇಲೇ ಇಟ್ಟು, ಹಿಂದಿರುವ ತೂತುಗಳ ಮೇಲೆ ಬೆರಳಿನಿಂದ ಒತ್ತಿ. ಅಂಚಿನ ಗುರುತು ಮೂಡುತ್ತದೆ. ಅದನ್ನು ಕತ್ತರಿಸಿ, ಮಡಚಿ, ಅದೇ ಜಾಗದಲ್ಲಿ ಕೂರಿಸಿ ನೋಡಿ. ಸ್ಪ್ಯಾನರ್ ಹೋಗಲು ಜಾಗ ಇದೆಯಾ? ಪಕ್ಕದ ಪೈಪಿಗೆ ತಾಗುತ್ತದೆಯಾ? ಬಾನೆಟ್ ಮುಚ್ಚುತ್ತದೆಯಾ? ರಟ್ಟು ಪೂರ್ತಿ ಸರಿ ಕೂರುವ ತನಕ ತಗಡು ಮುಟ್ಟಬೇಡಿ. ಆಮೇಲೆ ಆ ರಟ್ಟಿನ ಮೇಲೆ ಮುಂದಿನ ಕಡೆ ಯಾವುದು, ಮೇಲ್ಭಾಗ ಯಾವುದು ಅಂತ ಬರೆದಿಡಿ. ತಿರುಗಾಮುರುಗಾ ಮಡಚುವುದು ತಪ್ಪುತ್ತದೆ.

ತಗಡು ಮಡಚುವ ಲೆಕ್ಕ

ಕಾರಿನ ಬಾಡಿಗೂ ಸಣ್ಣ ಬ್ರ್ಯಾಕೆಟ್ಟಿಗೂ 0.9ರಿಂದ 1.2 ಮಿ.ಮೀ. ದಪ್ಪದ ಕೋಲ್ಡ್ ರೋಲ್ಡ್ ಉಕ್ಕಿನ ತಗಡು ಸಾಕು. ಗೇಜಿನಲ್ಲಿ ಹೇಳುವುದಾದರೆ 20 ಮತ್ತು 18. ಬ್ಯಾಟರಿಯ ಹಾಗೆ ಭಾರ ಹೊರುವ ಕಡೆ 1.5 ಮಿ.ಮೀ. ಹಾಕಿ. ಸತುವಿನ ಲೇಪ ಇರುವ ತಗಡು ತುಕ್ಕು ಹಿಡಿಯುವುದಿಲ್ಲ ಅಂತ ಆಸೆ ಹುಟ್ಟಿಸುತ್ತದೆ. ಆದರೆ ವೆಲ್ಡಿಂಗ್ ಮಾಡುವಾಗ ಸತುವಿನ ಹೊಗೆ ಒಳಗೆ ಹೋದರೆ ಚಳಿ ಜ್ವರ ಬರುತ್ತದೆ. ಬೆಸೆಯಬೇಕಾದ ಪಾರ್ಟಿಗೆ ಅದು ಬೇಡ.

ಮಡಚಿದಾಗ ತಗಡು ಒಳಬದಿಯಲ್ಲಿ ಒತ್ತಿಕೊಳ್ಳುತ್ತದೆ, ಹೊರಬದಿಯಲ್ಲಿ ಎಳೆದುಕೊಳ್ಳುತ್ತದೆ. ಹಾಗಾಗಿ ಹೊರಗಿನ ಎರಡು ಅಳತೆ ಕೂಡಿಸಿ ಅಷ್ಟೇ ಉದ್ದಕ್ಕೆ ಕತ್ತರಿಸಿದರೆ ಪಾರ್ಟು ದೊಡ್ಡದಾಗುತ್ತದೆ. 1 ಮಿ.ಮೀ. ತಗಡಿನಲ್ಲಿ, ಒಳಗಿನ ತ್ರಿಜ್ಯ 1 ಮಿ.ಮೀ. ಇಟ್ಟು, 25 ಮತ್ತು 40 ಮಿ.ಮೀ. ಬದಿಗಳ ಒಂದು ಎಲ್ ಆಕಾರ ಬೇಕು ಅಂದುಕೊಳ್ಳಿ. ಮೂಲೆಯನ್ನು ಬಿಟ್ಟು ನೇರ ಭಾಗ 23 ಮತ್ತು 38. ಮೂಲೆಯ ಬಾಗಿಗೆ ಸುಮಾರು 2.2. ಒಟ್ಟು 63.2. ಅಂದರೆ 65ಕ್ಕಿಂತ 1.8 ಕಡಿಮೆ. ಇದೇ ತಗಡಿನ ಟ್ರೇಯ ಎರಡೂ ಬದಿ ಮಡಚಿದರೆ 3.6 ಮಿ.ಮೀ. ಕಳೆಯಬೇಕು. ಇದನ್ನು ಬಿಟ್ಟರೆ ಟ್ರೇ ಅದರ ಜಾಗದಲ್ಲಿ ಇಳಿಯುವುದೇ ಇಲ್ಲ.

ಈ ಲೆಕ್ಕ ಬೇಡ ಅನ್ನುವವರಿಗೆ ಇನ್ನೂ ನಂಬಿಕೆಯ ದಾರಿ ಇದೆ. ನಾನು ಯಾವಾಗಲೂ ಇದನ್ನೇ ಮಾಡುತ್ತೇನೆ. ಅದೇ ತಗಡಿನಿಂದ ಸರಿಯಾಗಿ 100 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ. ಪಾರ್ಟನ್ನು ಹೇಗೆ ಮಡಚುತ್ತೀರೋ ಹಾಗೇ, ಅದೇ ವೈಸಿನಲ್ಲಿ, ಅದೇ ಕಬ್ಬಿಣದ ಆ್ಯಂಗಲ್ ಇಟ್ಟು ನಡುವೆ 90 ಡಿಗ್ರಿಗೆ ಮಡಚಿ. ಎರಡೂ ಬದಿಯನ್ನು ಹೊರಗಿನಿಂದ ಅಳೆದು ಕೂಡಿಸಿ. 101.7 ಬಂದರೆ, ನಿಮ್ಮ ಕೈಯಲ್ಲಿ, ನಿಮ್ಮ ತಗಡಿನಲ್ಲಿ, ಪ್ರತಿ ಮಡಿಕೆಗೂ 1.7 ಕಳೆಯಬೇಕು.

ಮಡಿಕೆಯ ಹತ್ತಿರ ಬರುವ ತೂತುಗಳನ್ನು ಮಡಚಿದ ಮೇಲೇ ಕೊರೆಯಿರಿ. ಮೊದಲೇ ಕೊರೆದರೆ ಎಳೆದು ಅಂಡಾಕಾರವಾಗುತ್ತವೆ. ಎರಡು ಮಡಿಕೆ ಸೇರುವ ಮೂಲೆಯಲ್ಲಿ 3 ಮಿ.ಮೀ. ತೂತು ಮೊದಲೇ ಹಾಕಿಟ್ಟರೆ ತಗಡು ಹರಿಯುವುದಿಲ್ಲ. ಇದೊಂದು ತೂತು ಮಾತ್ರ ಮೊದಲೇ ಬೇಕು.

ತೆಳು ತಗಡನ್ನು ಕೈಯಲ್ಲಿ ಹಿಡಿದು ಡ್ರಿಲ್ ಮಾಡಬೇಡಿ. ಬಿಟ್ ಇನ್ನೇನು ಆಚೆ ದಾಟುವ ಹೊತ್ತಿಗೆ ತಗಡನ್ನು ಕಚ್ಚಿ ಗಿರ್ರನೆ ತಿರುಗಿಸುತ್ತದೆ. ಬೆರಳು ಉಳಿಯುವುದಿಲ್ಲ. ಕೆಳಗೆ ಮರದ ತುಂಡು ಇಟ್ಟು ಎರಡು ಕಡೆ ಕ್ಲ್ಯಾಂಪ್ ಮಾಡಿ. ತಿರುಗುವ ಯಂತ್ರದ ಹತ್ತಿರ ಬಟ್ಟೆಯ ಗ್ಲೌಸ್ ಹಾಕಬೇಡಿ. ಕನ್ನಡಕ ಮಾತ್ರ ಯಾವಾಗಲೂ ಇರಲಿ.

ಅಂಚು ದುಂಡಗೆ ಬಾಗಬೇಕಾದ ಪಾರ್ಟಿಗೆ ಗಟ್ಟಿ ಮರದ ಎರಡು ಅಚ್ಚು ಮಾಡಿ. ನಡುವೆ ತಗಡು ಇಟ್ಟು ವೈಸಿನಲ್ಲಿ ಬಿಗಿದು, ಹೊರಗೆ ಉಳಿದ ಅಂಚನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿದು ಮಡಚಿ. ಒಂದೇ ಕಡೆ ಪೂರ್ತಿ ಬಡಿದರೆ ಸುಕ್ಕು ಬೀಳುತ್ತದೆ. ಅಲ್ಯೂಮಿನಿಯಂ ಆದರೆ ಬಡಿಯುತ್ತಾ ಹೋದಂತೆ ಗಟ್ಟಿಯಾಗುತ್ತದೆ, ಕೊನೆಗೆ ಬಿರಿಯುತ್ತದೆ. ಅದಕ್ಕೆ ಮೇಲೆ ಬಟ್ಟೆ ಸೋಪು ಸವರಿ, ಗ್ಯಾಸ್ ಟಾರ್ಚಿನ ಉರಿಯಿಂದ ಕಾಯಿಸಿ. ಸೋಪು ಕಪ್ಪಾದ ಕೂಡಲೇ ನಿಲ್ಲಿಸಿ, ಆರಲು ಬಿಡಿ. ಮತ್ತೆ ಮೆತ್ತಗಾಗಿರುತ್ತದೆ. ಅಲ್ಯೂಮಿನಿಯಂ ಕೆಂಪಾಗುವ ತನಕ ಕಾಯಬೇಡಿ. ಅದು 660 ಡಿಗ್ರಿ ಸೆಲ್ಸಿಯಸ್ ಹತ್ತಿರ, ಬಣ್ಣ ತೋರಿಸದೆಯೇ ಕರಗಿಬಿಡುತ್ತದೆ.

ಬುಷ್: ಇಲ್ಲಿ ಅವಸರ ಬೇಡ

ಬಾಗಿಲು ತೆರೆದು, ಅದರ ತುದಿಯನ್ನು ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಲೊಟಲೊಟ ಆಡಿದರೆ ಹಿಂಜಿನ ಬುಷ್ ಹೋಗಿದೆ. ಹೊಸ ಪಿನ್ನು ಹಾಕಿದರೆ ಸಾಕು ಅನ್ನಿಸುತ್ತದೆ. ಆದರೆ ಬಾಗಿಲಿನ ಭಾರ ಯಾವಾಗಲೂ ಒಂದೇ ಕಡೆ ಬೀಳುವುದರಿಂದ ತೂತು ಅಂಡಾಕಾರ ಆಗಿರುತ್ತದೆ. ಅಂಡಾಕಾರದ ತೂತನ್ನು ಮೊದಲು ರೀಮರ್ (ತೂತನ್ನು ಸರಿಯಾದ ಅಳತೆಗೆ ಕೆರೆಯುವ ಉಪಕರಣ) ಹಾಕಿ ದುಂಡಗೆ ಮಾಡಬೇಕು. 8 ಮಿ.ಮೀ. ಪಿನ್ನಿಗೆ 10 ಮಿ.ಮೀ. ತೂತು ಮಾಡಿದರೆ ಬುಷ್ಷಿನ ಗೋಡೆ 1 ಮಿ.ಮೀ. ಸಿಗುತ್ತದೆ. ಅಷ್ಟು ಸಾಕು. ಡ್ರಿಲ್ ಬಿಟ್ಟನ್ನು ನೇರ ನುಗ್ಗಿಸಬೇಡಿ. ಅದು ಹಳೇ ತೂತಿನ ವಾಲನ್ನೇ ಹಿಡಿದು ಹೋಗುತ್ತದೆ. ಹಿಂಜನ್ನು ಮಟ್ಟವಾಗಿ ಬಿಗಿದು, ಸವೆಯದ ಗೋಡೆಯನ್ನು ಆಧಾರ ಮಾಡಿಕೊಂಡು ಮೊದಲು ನಡು ಹಿಡಿಯಿರಿ.

ಬುಷ್ಷಿಗೆ ಫಾಸ್ಫರ್ ಬ್ರಾಂಜ್ ಒಳ್ಳೆಯದು. ಹೊರಗಿನ ಅಳತೆ ತೂತಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಅದರ ಲೆಕ್ಕ ಸುಲಭ: ವ್ಯಾಸದ ಸಾವಿರದಲ್ಲೊಂದು ಭಾಗ. 10 ಮಿ.ಮೀ. ತೂತಿಗೆ 10.01, ಹೆಚ್ಚೆಂದರೆ 10.02. ಅದಕ್ಕಿಂತ ಜಾಸ್ತಿ ಆದರೆ ಎರಕದ ಹಿಂಜು ಸೀಳಬಹುದು. ಬುಷ್ಷಿನ ಮುಂದಿನ ತುದಿಗೆ ಸಣ್ಣ ಇಳಿಜಾರು ಕೊಡಿ. ಸುತ್ತಿಗೆಯಿಂದ ಹೊಡೆಯಬೇಡಿ. ಉದ್ದ ಬೋಲ್ಟು, ಎರಡು ದಪ್ಪ ವಾಷರ್, ಒಂದು ನಟ್ಟು ಹಾಕಿ ಎಳೆದು ಕೂರಿಸಿ. ಅದು ನೇರವಾಗಿ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬಿಗಿಯಾಗಿ ಒಳಗೆ ಹೋದ ಬುಷ್ಷಿನ ಒಳತೂತು ಚಿಕ್ಕದಾಗುತ್ತದೆ. ಹೊರಗೆ ಎಷ್ಟು ಒತ್ತಿತೋ ಹೆಚ್ಚು ಕಡಿಮೆ ಅಷ್ಟೇ ಒಳಗೂ ಮುಚ್ಚುತ್ತದೆ. ಅದಕ್ಕೇ ಕೊನೆಯ ರೀಮಿಂಗನ್ನು ಕೂರಿಸಿದ ಮೇಲೇ ಮಾಡಬೇಕು. 8 ಮಿ.ಮೀ. ಪಿನ್ನಿಗೆ 0.03 ಮಿ.ಮೀ. ಸಡಿಲ ಬಿಟ್ಟರೆ ಬಾಗಿಲು ಸದ್ದಿಲ್ಲದೆ ತಿರುಗುತ್ತದೆ, ಆಡುವುದೂ ಇಲ್ಲ. ಮೇಲಿನ ಹಿಂಜು, ಕೆಳಗಿನ ಹಿಂಜು ಎರಡೂ ಒಂದೇ ನೇರಕ್ಕೆ ಇವೆಯಾ ಅಂತ ಉದ್ದದ ನೇರ ಸಲಾಕೆ ತೂರಿಸಿ ನೋಡಿಕೊಳ್ಳಿ.

ಎಣ್ಣೆ ಹೀರಿದ ಬ್ರಾಂಜ್ ಬುಷ್ ಸಿಗುತ್ತದೆ, ಪುಡಿ ಒತ್ತಿ ಮಾಡಿದ್ದು. ಅದಕ್ಕೆ ರೀಮರ್ ಹಾಕಬೇಡಿ. ಮೇಲಿನ ಸಣ್ಣ ರಂಧ್ರಗಳು ಮುಚ್ಚಿ ಎಣ್ಣೆ ಹೊರಗೆ ಬರುವುದು ನಿಲ್ಲುತ್ತದೆ. ಹಾಕುವ ಮುಂಚೆ ಒಂದು ದಿನ ಎಂಜಿನ್ ಆಯಿಲಿನಲ್ಲಿ ನೆನೆಸಿಡಿ.

ಮನೆಯಲ್ಲಿ ಲೇತ್ ಇಲ್ಲ ಅಂತ ಕೈಬಿಡಬೇಕಿಲ್ಲ. ಲೇತ್ ಇದ್ದವರಿಗೆ ಕೊಡುವ ಚಿತ್ರ ಸರಿ ಇದ್ದರೆ ಸಾಕು. ಸುಮ್ನೆ "ಈ ತೂತಿಗೆ ಕೂರುವ ಹಾಗೆ ಮಾಡಿ" ಅನ್ನಬೇಡಿ. ಹೊರಗಿನ ವ್ಯಾಸ 10.01ರಿಂದ 10.02, ಒಳಗೆ ರೀಮ್ ಮಾಡಲು 0.1 ಬಿಡಿ, ಉದ್ದ ಇಷ್ಟು, ಇಳಿಜಾರು ಇಲ್ಲಿ ಅಂತ ಬರೆದುಕೊಡಿ. ಎಲ್ಲಿ ಅಳತೆ ಬಿಗಿ ಇರಬೇಕು, ಎಲ್ಲಿ ಹೆಚ್ಚು ಕಡಿಮೆ ನಡೆಯುತ್ತದೆ ಅನ್ನುವುದು ಕಾರು ಬಿಚ್ಚಿದ ನಿಮಗೆ ಮಾತ್ರ ಗೊತ್ತು.

ಥ್ರೆಡ್ ಯಾವುದು ಅಂತ ತಿಳಿಯದೆ ಟ್ಯಾಪ್ ಎತ್ತಬೇಡಿ

ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕತ್ತರಿಸುವ ಉಪಕರಣ. ಬ್ರಿಟಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹೇಳಿದ ಥ್ರೆಡ್ಡಿನ ಕೋನ 55 ಡಿಗ್ರಿ. ಹಳೇ ಬ್ರಿಟಿಷ್ ಗಾಡಿಗಳ ಬಿಎಸ್‌ಡಬ್ಲ್ಯೂ (ವಿಟ್‌ವರ್ತ್‌ನದೇ ಒರಟು ಥ್ರೆಡ್), ಬಿಎಸ್‌ಎಫ್ (ಸಣ್ಣ ಥ್ರೆಡ್) ಎರಡೂ ಅದೇ ಕೋನದವು. ಅಮೆರಿಕ, ಬ್ರಿಟನ್, ಕೆನಡಾ ಎರಡನೇ ಮಹಾಯುದ್ಧದ ನಂತರ ಒಪ್ಪಿಕೊಂಡ ಯುಎನ್‌ಸಿ (ಒರಟು), ಯುಎನ್‌ಎಫ್ (ಸಣ್ಣ) ಥ್ರೆಡ್ಡುಗಳು 60 ಡಿಗ್ರಿ. ಮೆಟ್ರಿಕ್ ಕೂಡ 60. ಕಾಲಿಂಚಿನ ವಿಟ್‌ವರ್ತ್‌ಗೂ ಯುಎನ್‌ಸಿಗೂ ಇಂಚಿಗೆ 20 ಥ್ರೆಡ್ಡೇ. ಹಾಗಾಗಿ ಒಂದರ ಬೋಲ್ಟು ಇನ್ನೊಂದರೊಳಗೆ ಹೋಗುತ್ತದೆ, ಸರಿ ಅನ್ನಿಸುತ್ತದೆ. ಆದರೆ ಕೋನ ಬೇರೆಯಾದ್ದರಿಂದ ಹಿಡಿತ ಪೂರ್ತಿ ಸಿಗುವುದಿಲ್ಲ. ಅರ್ಧ ಇಂಚಿಗೆ ಬಂದರೆ ವಿಟ್‌ವರ್ತ್‌ಗೆ 12, ಯುಎನ್‌ಸಿಗೆ 13.

ಬೋಲ್ಟಿನ ತಲೆ ನೋಡಿ ಥ್ರೆಡ್ ಹೇಳಲೂ ಆಗುವುದಿಲ್ಲ. ಎಂಜಿ ಟಿ ಸರಣಿಯ ಎಕ್ಸ್‌ಪಿಎಜಿ ಎಂಜಿನ್ನಿನಲ್ಲಿ ಬೋಲ್ಟಿನ ತಲೆ ವಿಟ್‌ವರ್ತ್ ಸ್ಪ್ಯಾನರಿಗೆ ಕೂರುತ್ತದೆ, ಥ್ರೆಡ್ ಮಾತ್ರ ಮೆಟ್ರಿಕ್. ಥ್ರೆಡ್ ಪಿಚ್ ಗೇಜ್ ಸಣ್ಣ ಸಾಮಾನು. ಅದನ್ನು ಬೋಲ್ಟಿಗೆ ಇಟ್ಟು ಬೆಳಕಿಗೆ ಹಿಡಿಯಿರಿ. ಎಲ್ಲೂ ಬೆಳಕು ತೂರದಿದ್ದರೆ ಅದೇ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ.

ಮೆಟ್ರಿಕ್ ತೂತಿನ ಲೆಕ್ಕ ನೆನಪಿಡುವುದು ಸುಲಭ. ವ್ಯಾಸದಲ್ಲಿ ಪಿಚ್ ಕಳೆಯಿರಿ. ಎಂ6ಕ್ಕೆ (6 ಮಿ.ಮೀ. ವ್ಯಾಸದ ಮೆಟ್ರಿಕ್ ಬೋಲ್ಟು) 5 ಮಿ.ಮೀ., ಎಂ8ಕ್ಕೆ 6.8, ಎಂ10ಕ್ಕೆ 8.5. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋಗಿ, ಎಣ್ಣೆ ಬಿಡುತ್ತಿರಿ. ಉಕ್ಕಿನಲ್ಲಿ ಬೋಲ್ಟಿನ ವ್ಯಾಸದಷ್ಟು ಆಳ ಹಿಡಿದರೆ ಸಾಕು. ಅಲ್ಯೂಮಿನಿಯಂನಲ್ಲಿ ಒಂದೂವರೆ ಪಟ್ಟಾದರೂ ಬೇಕು.

ನೆಲದ ತೇಪೆ

ಫಿಯೆಟ್ 1100ರ ಈ ಪೀಳಿಗೆಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಇಂಥ ಕಾರಿನ ನೆಲವನ್ನೋ ಬಾಗಿಲ ಕೆಳಗಿನ ಸಿಲ್ಲನ್ನೋ ಕತ್ತರಿಸಿದ ಕೂಡಲೇ ಬಾಡಿ ಕುಸಿಯಲು ಶುರುವಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹೊಸ ತಗಡು ಬೆಸೆದ ಮೇಲೆ ಬಾಗಿಲು ಮುಚ್ಚುವುದಿಲ್ಲ, ಆಗ ಗೊತ್ತಾಗುತ್ತದೆ. ಆದ್ದರಿಂದ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿನ ಎರಡೂ ಕರ್ಣ ಅಳೆದು ಬರೆದಿಡಿ. ಬಾಗಿಲು ಮುಚ್ಚಿ ಸುತ್ತಲಿನ ಸಂದನ್ನೂ ನಾಲ್ಕು ಕಡೆ ಅಳೆಯಿರಿ. ಚೌಕಟ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಬಿಗಿಯಿರಿ. ಕಾರಿನ ಭಾರ ಚಕ್ರ ಕೂರುವ ಜಾಗಗಳ ಮೇಲೇ ಇರಲಿ. ಒಂದು ಕಡೆ ಪೂರ್ತಿ ಮುಗಿಸಿ, ಅಳತೆ ಸರಿ ಇದೆ ಅಂತ ನೋಡಿಕೊಂಡ ಮೇಲೆ ಇನ್ನೊಂದು ಕಡೆಗೆ ಹೋಗಿ.

ತುಕ್ಕನ್ನು ಹೊಳೆಯುವ ತಗಡು ಸಿಗುವ ತನಕ ಕತ್ತರಿಸಿ ತೆಗೆಯಿರಿ. ತುಕ್ಕು ತಿಂದ ತಗಡಿಗೆ ಬೆಸೆದ ತೇಪೆ ನಿಲ್ಲುವುದಿಲ್ಲ. ತೇಪೆಯ ಮೂಲೆಗಳನ್ನು ದುಂಡಗೆ ಮಾಡಿ, ಸುತ್ತ ತಗಡಿನ ದಪ್ಪದಷ್ಟು ಸಂದು ಬಿಡಿ. ತಂತಿ ತಾನಾಗಿ ಮುಂದೆ ಬರುವ ಮಿಗ್ ವೆಲ್ಡರಿನಲ್ಲಿ 0.6 ಮಿ.ಮೀ. ತಂತಿ ತೆಳು ತಗಡಿಗೆ ಚೆನ್ನ. ಒಂದೇ ಸಮ ಗೆರೆ ಎಳೆದರೆ ತಗಡು ಸುರುಳಿಯಾಗುತ್ತದೆ. 25, 30 ಮಿ.ಮೀ.ಗೊಂದು ಚುಕ್ಕೆ ಇಡಿ. ಒಂದು ಈ ತುದಿಯಲ್ಲಿ, ಮುಂದಿನದು ಎದುರು ತುದಿಯಲ್ಲಿ. ಕೈ ಇಡುವಷ್ಟು ತಣ್ಣಗಾದ ಮೇಲೆ ನಡುವೆ ಇನ್ನೊಂದು. ಹೀಗೇ ಚುಕ್ಕೆಗಳು ಕೂಡುವ ತನಕ. ತಾಳ್ಮೆ ಬೇಕು, ಬೇರೆ ದಾರಿ ಇಲ್ಲ.

ವೆಲ್ಡಿಂಗಿನ ಅಪಾಯಗಳನ್ನು ಒತ್ತಿ ಹೇಳಬೇಕು. ಪೆಟ್ರೋಲ್ ಟ್ಯಾಂಕನ್ನು ಮನೆಯಲ್ಲಿ ಎಂದೂ ಬೆಸೆಯಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸ್ಫೋಟಿಸುತ್ತದೆ. ಕಾರಿನಲ್ಲಿದ್ದರೆ ಬಿಚ್ಚಿ ದೂರ ಇಡಿ. ತಗಡು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಬೇಡಿ. ಅದರ ಉಳಿಕೆಗೆ ಆರ್ಕ್ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ಬ್ಯಾಟರಿ ತಂತಿ ಬಿಚ್ಚಿ. ಒಳಗಿನ ಕಾರ್ಪೆಟ್, ನೆಲಕ್ಕೆ ಹಚ್ಚಿದ ಡಾಂಬರಿನ ಪದರ ತೆಗೆಯಿರಿ. ಕೆಲಸ ನಿಲ್ಲಿಸಿದ ಮೇಲೂ ಒಂದು ಗಂಟೆ ಅಲ್ಲೇ ಇರಿ. ಒಳಗೊಳಗೇ ಹೊಗೆಯಾಡುವ ಕಿಡಿ ತಡವಾಗಿ ಹೊತ್ತಿಕೊಳ್ಳುತ್ತದೆ.

ರಬ್ಬರ್, ಪ್ಲಾಸ್ಟಿಕ್, ಗ್ಯಾಸ್ಕೆಟ್

ಹಳೇ ರಬ್ಬರ್ ಬಫರನ್ನು ಅಚ್ಚು ತೆಗೆದು ಪಾಲಿಯುರೆಥೇನ್ ಸುರಿದು ಹೊಸದು ಮಾಡಬಹುದು. ಅಚ್ಚಿಗೆ ಸಿಲಿಕೋನ್ ತರುವಾಗ ಪ್ಲಾಟಿನಂ ಜಾತಿಯದು ಬೇಡ, ತವರದ ಜಾತಿಯದು ತನ್ನಿ. ರಬ್ಬರಿನಲ್ಲಿರುವ ಗಂಧಕ ತಾಗಿದರೆ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಹಳೇ ಬಫರ್ ಕುಗ್ಗಿರುತ್ತದೆ ಅಲ್ವಾ? ಆದ್ದರಿಂದ ಅದು ಕೂರುವ ಲೋಹದ ಕುಳಿಯನ್ನು ಅಳೆದು, ಮಾದರಿಯನ್ನು ಆ ಅಳತೆಗೆ ತುಂಬಿಕೊಂಡು ಆಮೇಲೆ ಅಚ್ಚು ತೆಗೆಯಿರಿ. ಗಟ್ಟಿತನವನ್ನು ಶೋರ್ ಎ ಅಂತ ಹೇಳುತ್ತಾರೆ. ಟಯರಿನ ಮೇಲ್ಮೈ ಸುಮಾರು 60ರಿಂದ 70. ಬಾಗಿಲ ಬಫರಿಗೆ ನಾನು 60 ಬಳಸಿದೆ, ಮುಚ್ಚುವ ಸದ್ದು ಮೆತ್ತಗಿದೆ. ಪಾಲಿಯುರೆಥೇನ್ ತೇವ ಹೀರಿದರೆ ಗುಳ್ಳೆ ಬರುತ್ತದೆ, ಹಾಗಾಗಿ ಅಚ್ಚು ಒಣಗಿರಲಿ, ಡಬ್ಬಿ ತೆರೆದಿಡಬೇಡಿ. ಗ್ಲೌಸ್ ಹಾಕಿ, ಗಾಳಿ ಆಡುವ ಕಡೆ ಕೆಲಸ ಮಾಡಿ.

ತ್ರೀಡಿ ಪ್ರಿಂಟರ್ ಇದ್ದರೆ ಡ್ಯಾಶ್‌ಬೋರ್ಡಿನ ಗುಂಡಿಗೆ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಬಳಸಬೇಡಿ. 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಬಿಸಿಯಾಗುತ್ತದೆ. ಎಎಸ್‌ಎ ಅನ್ನುವ ಪ್ಲಾಸ್ಟಿಕ್ ಬಿಸಿಗೂ ಬಿಸಿಲಿಗೂ ತಡೆಯುತ್ತದೆ. ಆದರೂ ಪ್ರಿಂಟರಿನ ನಿಜವಾದ ಉಪಯೋಗ, ಲೋಹ ಕತ್ತರಿಸುವ ಮುಂಚೆ ಕಾರಿನಲ್ಲಿಟ್ಟು ನೋಡುವ ಮಾದರಿ ಮಾಡುವುದು. ಅದಕ್ಕೆ ಪಿಎಲ್‌ಎ ಧಾರಾಳ ಸಾಕು.

ಎರಡು ಪಾರ್ಟಿನ ನಡುವೆ ಎಣ್ಣೆ ಸೋರದ ಹಾಗೆ ಇಡುವ ಕಾಗದದ ಗ್ಯಾಸ್ಕೆಟ್ಟಿಗೆ ಅಳತೆಯೂ ಬೇಡ. ಪಾರ್ಟಿನ ಮುಖಕ್ಕೆ ತೆಳುವಾಗಿ ಎಣ್ಣೆ ಸವರಿ ಗ್ಯಾಸ್ಕೆಟ್ ಪೇಪರಿನ ಮೇಲೆ ಒತ್ತಿದರೆ ಗುರುತು ಬರುತ್ತದೆ. ತೂತುಗಳನ್ನು ಪಂಚ್‌ನಿಂದ ಹೊಡೆದು, ಆಮೇಲೆ ಹೊರಗಿನ ಅಂಚು ಕತ್ತರಿಸಿ. ಅಲ್ಯೂಮಿನಿಯಂ ಮುಖದ ಮೇಲೆ ಸುತ್ತಿಗೆಯಿಂದ ತಟ್ಟಿ ಕತ್ತರಿಸುವ ಹಳೇ ರೂಢಿ ಬೇಡ. ಅಂಚು ಜಜ್ಜಿ ಎಣ್ಣೆ ಸೋರುತ್ತದೆ.

ಕೂರಿಸಿದ ಮೇಲೆ

ಬಣ್ಣ ಹಚ್ಚುವ ಮುಂಚೆ ಪಾರ್ಟನ್ನು ಒಮ್ಮೆ ಪೂರ್ತಿ ಬಿಗಿದು ನೋಡಿ. ತಾಗಬಾರದ ಕಡೆ ಮಾರ್ಕರಿನಿಂದ ಬಳಿದು, ಗಾಡಿ ಸ್ವಲ್ಪ ಓಡಿಸಿ ಬಂದು ಬಿಚ್ಚಿ. ಮಾರ್ಕರ್ ಉಜ್ಜಿ ಹೋಗಿದ್ದರೆ ಅಲ್ಲಿ ತಾಗುತ್ತಿದೆ. ಅರದಿಂದ ಅಷ್ಟು ತೆಗೆಯಿರಿ. ಬಣ್ಣ ಹಚ್ಚುವಾಗ ತೂತಿನ ಒಳಗೋಡೆ, ಕತ್ತರಿಸಿದ ಅಂಚು ಬಿಡಬೇಡಿ. ತುಕ್ಕು ಅಲ್ಲಿಂದಲೇ ಶುರುವಾಗುವುದು. ಕೊನೆಯ ಸಲ ಬಿಗಿದ ಮೇಲೆ ನಟ್ಟಿನಿಂದ ಪಾರ್ಟಿನ ತನಕ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ಕೆಲವು ಸಲ ಓಡಿಸಿದ ಮೇಲೆ ಆ ಗೆರೆ ನೋಡಿ. ಹಾಗೇ ಇದ್ದರೆ ಸರಿ. ಎರಡು ತುಂಡಾಗಿ ಸರಿದಿದ್ದರೆ ನಟ್ಟು ಸಡಿಲವಾಗುತ್ತಿದೆ. ಅದನ್ನು ತೆಗೆದು ನೈಲಾನ್ ಲಾಕ್ ನಟ್ಟು ಹಾಕಿ. ಸೈಲೆನ್ಸರ್ ಹತ್ತಿರವಾದರೆ ನೈಲಾನ್ ಕರಗುತ್ತದೆ, ಅಲ್ಲಿ ಪೂರ್ತಿ ಲೋಹದ ಲಾಕ್ ನಟ್ಟೇ ಆಗಬೇಕು.